ಗಾಳಿಗೆ ಎಷ್ಟು ತಗ್ಗಬೇಕು

ನಮ್ಮವರು, ಎಂದರೆ ನನ್ನ ಗಂಡ, ಮಲಗಿಕೊಂಡು ಸೈಕಲ್ ಹೊಡೆಯುತ್ತಿದ್ದರು ಎಂದರೆ ಈಗಿನವರು ನಂಬುವುದಿಲ್ಲ. ಬಿಡಿ, ನಂಬದಿದ್ದರೆ ನನಗೇನೂ ನಷ್ಟವಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಅಂಕಲಿಯ ಹೊಳೆದಾರಿಯಲ್ಲಿ, ಕಬ್ಬಿನ ಗಾಡಿಗಳ ನಡುವೆ, ಕಾಲು ಮುಂದೆ ತಲೆ ಹಿಂದೆ ಮಾಡಿಕೊಂಡು ಸರ್ರನೆ ಹೋಗುತ್ತಿದ್ದ ಮನುಷ್ಯನನ್ನು ಕಣ್ಣಾರೆ ಕಂಡವರು ಊರಲ್ಲಿ ಇನ್ನೂ ಇದ್ದಾರೆ. ಆ ಸೈಕಲ್ಲು ಕಟ್ಟಿಸಿದವಳು ನಾನು. ಕಟ್ಟಿಸುವಾಗ ಆದ ತಪ್ಪುಗಳಲ್ಲಿ ಮುಕ್ಕಾಲು ಪಾಲು ನನ್ನವೇ.

ನಾನಾಗ ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿದ್ದೆ. ನಮ್ಮವರು ಊರಿನ ನೀರಾವರಿ ಸಂಘದ ಪಾಟಕರಿ. ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ, ನೆಲದೊಳಗಿನ ಪೈಪಿನಲ್ಲಿ ದೂರದ ದಿಬ್ಬದ ಮೇಲಿನ ತೊಟ್ಟಿಗೆ ಒಯ್ದು, ಅಲ್ಲಿಂದ ಕಾಲುವೆಗಳಲ್ಲಿ ಹೊಲಗಳಿಗೆ ಬಿಡುವ ಸಂಘ ಅದು. ಇಂದು ಯಾರ ಪಾಳಿ, ಎಷ್ಟು ಹೊತ್ತು, ಯಾವ ಕಾಲುವೆ ಎಂಬುದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ವಾಲ್ವು ತಿರುಗಿಸುವವನೇ ಪಾಟಕರಿ. ಕರೆಂಟು ಬಂದೊಡನೆ ಹೊಳೆದಂಡೆಯ ಪಂಪು ಶುರು ಮಾಡಬೇಕು. ನೀರು ಪೈಪಿನಲ್ಲಿ ಹತ್ತಿ ತೊಟ್ಟಿ ತುಂಬಲು ಮುಕ್ಕಾಲು ತಾಸು ಬೇಕು. ಅಷ್ಟರೊಳಗೆ ಅವನೂ ದಿಬ್ಬ ಮುಟ್ಟಿರಬೇಕು. ತಡವಾದರೆ ತೊಟ್ಟಿ ಉಕ್ಕಿ ನೀರು ಎಡಗಡೆಯ ಹಳ್ಳದ ಪಾಲಾಗುತ್ತದೆ. ಪಾಳಿಯವನು ಬಲಗಡೆಯ ಒಣ ಕಾಲುವೆಯ ಮುಂದೆ ಸಲಿಕೆ ಹಿಡಿದು ನಿಂತು ಪಾಟಕರಿಯ ಏಳು ತಲೆಮಾರನ್ನು ನೆನೆಯುತ್ತಾನೆ.

ದಾರಿಯೂ ಸುಮ್ಮನಿರಲಿಲ್ಲ. ಪಂಪಿನ ಮನೆಯಿಂದ ಐದಾರು ಕಿಲೋಮೀಟರ್ ಬರೀ ಬಯಲು, ಪಶ್ಚಿಮಕ್ಕೆ ಮುಖ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಎದುರುಗಾಳಿ ಎದೆಗೆ ಕೈ ಕೊಟ್ಟು ದಬ್ಬುತ್ತದೆ. ಬಯಲು ಮುಗಿಯಿತು ಎನ್ನುವಷ್ಟರಲ್ಲಿ ದಿಬ್ಬದ ಏರು. ಮದುವೆಗೆ ಮೊದಲಿನಿಂದಲೂ ಇವರು ಆ ದಾರಿಯನ್ನು ಸೈಕಲ್ಲಿನ ಮೇಲೆ ತುಳಿದವರು. ಇವರ ಕಾಲದಲ್ಲಿ ಒಂದು ಸಲವೂ ತೊಟ್ಟಿ ಉಕ್ಕಿರಲಿಲ್ಲ.

ಒಂದು ವರ್ಷ ಕಬ್ಬಿನ ಹಂಗಾಮಿನಲ್ಲಿ, ತುಂಬಿದ ಗಾಡಿಯ ಮೇಲೆ ನಿಂತು ಹಗ್ಗ ಬಿಗಿಯುವಾಗ ಹಗ್ಗ ಹರಿದು ಬೆನ್ನಡಿಯಾಗಿ ಬಿದ್ದರು. ಮಿರಜಿನ ಡಾಕ್ಟರು ತಿಂಗಳುಗಟ್ಟಲೆ ಮಲಗಿಸಿದರು. ಆಮೇಲೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರು: ನಡೆಯಬಹುದು, ಆದರೆ ಬಹಳ ನಡೆಯಬಾರದು, ಕೂರಬಹುದು, ಆದರೆ ನೆಟ್ಟಗೆ ಬಹಳ ಹೊತ್ತು ಕೂರಬಾರದು. ಒಂದನ್ನು ಮಾತ್ರ ಸ್ಪಷ್ಟವಾಗಿ ಹೇಳಿದರು, ಸೈಕಲ್ಲಿನ ಸೀಟು ಮರೆತುಬಿಡಿ ಎಂದು. ಯಾರದೋ ಮೋಟರ್ ಸೈಕಲ್ಲಿನ ಹಿಂದೆ ಕೂತು ಒಮ್ಮೆ ಹೊಳೆಯವರೆಗೆ ಹೋಗಿ ಬಂದವರು ಮೂರು ದಿನ ಮಗ್ಗುಲು ಬದಲಿಸಲಿಲ್ಲ.

ಸಂಘದ ಅಧ್ಯಕ್ಷರು ಮನೆಗೆ ಬಂದರು. ಕಾಗವಾಡದ ಕಡೆ ದ್ರಾಕ್ಷಿ ತೋಟವಿದ್ದ ಜೈನ ಹಿರಿಯರು, ಮೆತ್ತನೆಯ ಮಾತಿನವರು. ಆದರೆ ಮಾತು ಮೆತ್ತಗಿದ್ದರೂ ಒಳಗಿನ ಕಲ್ಲು ಕಲ್ಲೇ.

"ಬ್ಯಾಸಗಿ ಪಾಳಿ ಶುರು ಆಗೂತನಕ ನಿನ್ನ ಜಾಗಾ ಹಂಗ ಇಡತೇವು, ತಮ್ಮಾ. ಅಷ್ಟರಾಗ ಯಾರ ಕೈನೂ ಹಿಡೀದ ಒಬ್ಬನ ಹೋಗಿ ದಿಬ್ಬಾ ಮುಟ್ಟಿದಿ ಅಂದ್ರ ಕೆಲಸ ನಿಂದು. ಇಲ್ಲಂದ್ರ ಬ್ಯಾರೆಯವರನ್ನ ನೋಡಬೇಕಾಗತೈತಿ. ನೀರ ಯಾರ ದಾರಿನೂ ಕಾಯಂಗಿಲ್ಲ."

ಇವರು "ಹೌದ್ರಿ" ಎಂದಷ್ಟೇ ಅಂದು ಗೋಡೆಯ ಕಡೆ ಹೊರಳಿದರು. ನಮಗೆ ಹೊಲವಿತ್ತು, ನನ್ನ ಸಂಬಳವಿತ್ತು, ಹೊಟ್ಟೆಯ ಚಿಂತೆಯಿರಲಿಲ್ಲ. ಆದರೆ ಯಾವ ಹೊಲ ಎಷ್ಟು ನೀರು ಕುಡಿಯುತ್ತದೆ, ಯಾವ ಒಡ್ಡಿನಲ್ಲಿ ಇಲಿ ತೂತು ಮಾಡಿದೆ ಎಂಬುದೇ ಇವರ ಮಾತು, ಇವರ ಜಂಬ, ಇವರ ನಿದ್ದೆ. ಅದು ಹೋದರೆ ಹಾಸಿಗೆಯಿಂದ ಏಳುವ ಮನುಷ್ಯ ಬೇರೆ ಯಾರೋ ಆಗಿರುತ್ತಾನೆ ಎಂದು ನನಗೆ ಖಾತ್ರಿಯಿತ್ತು. ನನಗೆ ಆ ಬೇರೆಯವನು ಬೇಡವಾಗಿತ್ತು. ಮದುವೆಯಾದದ್ದು ಈ ಜಂಬಗಾರನನ್ನೇ.

ದಾರಿ ತೋರಿಸಿದ್ದು ನನ್ನ ಸೈಕಲ್ಲು. ಬಸ್ ಸ್ಟ್ಯಾಂಡಿಗೆ ಹೋಗಿಬರಲು ನನ್ನದೊಂದು ಲೇಡೀಸ್ ಸೈಕಲ್ ಇತ್ತು. ಒಂದು ಭಾನುವಾರ ಅದರ ಚೈನು ಕಳಚಿತು. ಪಡಸಾಲೆಯಲ್ಲಿ, ಇವರು ಮಲಗಿದ್ದ ಹೊರಸಿನ ಕಾಲ ಬಳಿಯೇ, ಅದನ್ನು ತಲೆಕೆಳಗಾಗಿ ನಿಲ್ಲಿಸಿ ಚೈನು ಏರಿಸಿದೆ. ಎಣ್ಣೆ ತರಲು ಒಳಗೆ ಹೋದವಳಿಗೆ ಗಾಲಿ ತಿರುಗುವ ಸದ್ದು ಕೇಳಿತು. ಬಂದು ನೋಡಿದರೆ, ಅಂಗಾತ ಮಲಗಿದ್ದ ಈ ಮನುಷ್ಯ ಒಂದು ಕಾಲು ಚಾಚಿ, ಹೆಬ್ಬೆರಳಿನಿಂದ ಪೆಡಲು ತಿರುಗಿಸುತ್ತಿದ್ದಾರೆ. ಮೊದಲು ಮೆಲ್ಲಗೆ, ಆಮೇಲೆ ಅಂಗಾಲು ಕೊಟ್ಟು ಜೋರಾಗಿ. ಗಾಲಿಯ ಕಡ್ಡಿಗಳು ಕಾಣದಷ್ಟು ವೇಗ.

"ಇಲ್ಲಿ ನೋಡ," ಎಂದರು, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ. "ಬೆನ್ನಿಗಿ ಏನೂ ಆಗವಲ್ದು."

ಕೈಯಲ್ಲಿ ಎಣ್ಣೆಯ ಬಟ್ಟಲು ಹಿಡಿದು ನಾನು ನಿಂತೇ ಇದ್ದೆ. ಎಷ್ಟೋ ತಿಂಗಳಿನಿಂದ ಸತ್ತ ಹಾಗೆ ಬಿದ್ದಿದ್ದ ಕಾಲುಗಳಲ್ಲಿ ಅಷ್ಟು ಬಲ ಎಲ್ಲಿ ಅಡಗಿತ್ತು? ಮುರಿದದ್ದು ಬೆನ್ನು ಮಾತ್ರ. ಕಾಲು ತಮ್ಮ ಪಾಡಿಗೆ ತಾವು ದಿಬ್ಬ ಹತ್ತಲು ತಯಾರಾಗಿಯೇ ಇದ್ದವು, ಯಾರೂ ಅವನ್ನು ಕೇಳಿರಲಿಲ್ಲ.

ಶಾಲೆಯ ಲೈಬ್ರರಿಯ ಹಳೆಯ ಪತ್ರಿಕೆಯೊಂದರಲ್ಲಿ ಪರದೇಶದವನೊಬ್ಬ ಹೀಗೆ ಒರಗಿಕೊಂಡು ಓಡಿಸುವ ಸೈಕಲ್ಲಿನ ಚಿತ್ರ ನೋಡಿದ ನೆನಪಿತ್ತು. ಮರುದಿನ ಹುಡುಕಿ ತೆಗೆದು, ಚಿಕ್ಕೋಡಿಯ ಒಬ್ಬ ವೆಲ್ಡಿಂಗ್ ಚಾಚಾನ ಮುಂದೆ ಇಟ್ಟೆ. ದ್ರಾಕ್ಷಿ ಚಪ್ಪರಗಳಿಗೆ ಕಬ್ಬಿಣದ ಕಂಬ ಮಾಡಿಕೊಡುವುದು ಅವರ ಕಸುಬು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಬಾಯಾರ, ನನ್ನ ಉಮರಿನ್ಯಾಗ ಸೈಕಲ್ ಮ್ಯಾಲ ಕುಂತವರನ್ನ ನೋಡೇನಿ, ಬಿದ್ದವರನ್ನ ನೋಡೇನಿ. ಮಲಗಿದವರನ್ನ ನೋಡಿಲ್ಲ."

"ಈಗ ನೋಡ್ರಿ," ಎಂದೆ.

ಹಿಂದಿನ ಗಾಲಿ ಇವರ ಹಳೆಯ ಸೈಕಲ್ಲಿನದು. ಮುಂದಿನದು ರಾಯಬಾಗದ ಸಂತೆಯಲ್ಲಿ ಸಿಕ್ಕ ಮಕ್ಕಳ ಸೈಕಲ್ಲಿನ ಸಣ್ಣ ಗಾಲಿ. ಅದಕ್ಕೂ ಮುಂದೆ ಮೂಗಿನ ಹಾಗೆ ಚಾಚಿದ ಒಂದು ಪೈಪು, ಅದರ ತುದಿಗೆ ಪೆಡಲು. ಪೈಪಿನೊಳಗೆ ಪೈಪು ಕೂಡಿಸಿದ್ದರಿಂದ ಕಾಲಿನ ಉದ್ದಕ್ಕೆ ತಕ್ಕಂತೆ ಪೆಡಲನ್ನು ಹಿಂದೆ ಮುಂದೆ ಸರಿಸಬಹುದು. ಪೆಡಲಿನಿಂದ ಹಿಂದಿನ ಗಾಲಿಯವರೆಗೆ ಮುಟ್ಟಲು ಎರಡೂವರೆ ಚೈನು ಜೋಡಿಸಬೇಕಾಯಿತು. ಅಂಗಡಿಯ ಮುಂದೆ ಚಾಚಾ ಮೊದಲ ಸಲ ಪೆಡಲು ತಿರುಗಿಸಿದಾಗ ಆ ಉದ್ದನೆಯ ಚೈನು ಕೇರೆಹಾವಿನ ಹಾಗೆ ಹರಿದು ಹಿಂದಿನ ಗಾಲಿಯನ್ನು ಎಬ್ಬಿಸಿತು. ಚಾಚಾ ತಮ್ಮ ಕೈಯನ್ನೇ ನೋಡಿಕೊಂಡು "ಯಾ ಅಲ್ಲಾ" ಎಂದರು. ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರೇ ಇರಲಿಲ್ಲ, ಗಿರಾಕಿಗಳ ಕಂಬಗಳೆಲ್ಲ ಮೂಲೆ ಸೇರಿದವು.

ಬೆನ್ನು ಎಷ್ಟು ಒರಗಿರಬೇಕು ಎಂಬುದು ಉಳಿದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿತು ಎಂದು ನಾನು ತಿಳಿದದ್ದು ನಮ್ಮ ಅತ್ತೆಯ ಕಣದಲ್ಲಿ. ಜೋಳದ ರಾಶಿಯ ದಿನಗಳು ಅವು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಾವೆಲ್ಲ ಬಾಯಲ್ಲಿ ಹೇಳುತ್ತೇವೆ, ಅತ್ತೆ ಮೂರು ಕಾಲಿನ ಎತ್ತರದ ಮಣೆ ಹತ್ತಿ ನಿಂತು ತೂರುತ್ತಿದ್ದರು. ಅರವತ್ತು ದಾಟಿದವರು ಅಷ್ಟು ಮೇಲೆ ಹತ್ತಬಾರದು, ನೆಲದಲ್ಲೇ ನಿಂತು ತೂರಿರಿ ಎಂದು ನಾನು ಗದರಿದೆ.

"ಶಾಣ್ಯಾಕಿ, ಮ್ಯಾಲ ನಿಂತ ಯಾಕ ತೂರತಾರ ಗೊತ್ತೈತೇನ? ಕೆಳಗ ಗಾಳಿ ನೆಲಕ್ಕ ತಿಕ್ಕಿ ತಿಕ್ಕಿ ಸಾಯತೈತಿ. ಮ್ಯಾಲಿಂದು ಜೀವಂತ ಇರತೈತಿ."

ಹೇಳಿ, ಒಂದು ಹಿಡಿ ಹೊಟ್ಟನ್ನು ತಲೆಯ ಮೇಲಿನಿಂದ ಬಿಟ್ಟರು. ಅದು ಕಣದ ಅಂಚಿಗೆ ಹಾರಿತು. ಇನ್ನೊಂದು ಹಿಡಿಯನ್ನು ಕೆಳಗೆ ನಿಂತಿದ್ದ ನನಗೆ ಕೊಟ್ಟು ಮೊಣಕಾಲಿನ ಮಟ್ಟದಲ್ಲಿ ಬಿಡಿಸಿದರು. ಅದು ನನ್ನ ಕಾಲಿನ ಮೇಲೇ ಬಿತ್ತು. ಒಂದೇ ಗಾಳಿ, ಒಂದೇ ಹೊತ್ತು. ವಿಜ್ಞಾನ ಕಲಿಸಿ ಬಾಯಿ ಒಣಗಿಸಿಕೊಂಡವಳು ನಾನು, ಗಾಳಿಗೆ ಹೀಗೆ ಅಂತಸ್ತುಗಳಿವೆ ಎಂದು ತಿಳಿದದ್ದು ಅಂದು. ಗಾಳಿಯನ್ನು ಕಣ್ಣಿನಿಂದ ಕಂಡಂತಾಯಿತು. ಆ ಹೆಂಗಸಿಗೆ ಅಕ್ಷರ ಬರುತ್ತಿರಲಿಲ್ಲ. ಆ ದಿನ ನಾನು ಅವರ ಎದುರು ಜೋರು ಮಾತಾಡಲಿಲ್ಲ, ಅದು ನಮ್ಮ ಮನೆಯಲ್ಲಿ ಸಣ್ಣ ಸಂಗತಿಯಲ್ಲ.

ಅಲ್ಲಿಂದ ಓಡಿಹೋಗಿ ಚಾಚಾನಿಗೆ ಹೇಳಿದೆ: ಆದಷ್ಟು ತಗ್ಗಿಸಿ. ಮೈ ತಗ್ಗಿದಷ್ಟೂ ಗಾಳಿಗೆ ಸಿಗುವುದು ಕಡಿಮೆ, ಮೇಲಾಗಿ ತಗ್ಗಿನ ಗಾಳಿಯೇ ಅರೆಜೀವದ್ದು. ಚಾಚಾ ಜಾಣರು. ಪೂರ್ತಿ ತಗ್ಗಿಸದೆ, ಸೀಟಿನ ಬೆನ್ನಿಗೆ ಏಳು ತೂತಿನ ಒಂದು ಕಬ್ಬಿಣದ ಪಟ್ಟಿ ಕೊಟ್ಟರು. ಮೊದಲ ತೂತಿಗೆ ಬೋಲ್ಟು ಹಾಕಿದರೆ ಕುರ್ಚಿಯಲ್ಲಿ ಒರಗಿದ ಹಾಗೆ, ಏಳನೆಯದಕ್ಕೆ ಹಾಕಿದರೆ ಮಲಗಿದ ಹಾಗೆಯೇ. ಸೀಟಿಗೆ ಮೆತ್ತಗಿರಲಿ ಎಂದು ಮಂಚಕ್ಕೆ ಹೆಣೆಯುವ ನವಾರು ಪಟ್ಟಿ ಹೆಣೆಸಿದೆ, ಅದೂ ಎರಡು ಪದರು. ನೊಂದ ಬೆನ್ನು, ಚುಚ್ಚಬಾರದು. ಬೇರೆ ಯಾವ ವಿಚಾರವೂ ನನ್ನ ತಲೆಯಲ್ಲಿರಲಿಲ್ಲ.

ಯಾವ ತೂತು ಎಂದು ನಿರ್ಧರಿಸಲು ನಾನು ಪ್ರಯೋಗಕ್ಕೆ ಇಳಿದೆ. ಊರ ಹೊರಗಿನ ಇಳಿಜಾರಿನಿಂದ, ಎದುರುಗಾಳಿ ಇರುವ ಹೊತ್ತಿನಲ್ಲಿ, ಪೆಡಲು ತುಳಿಯದೆ ಸೈಕಲ್ಲನ್ನು ಹಾಗೇ ಬಿಡುವುದು, ಅದು ನಿಂತಲ್ಲಿ ಸುಣ್ಣದ ಗೆರೆ ಎಳೆಯುವುದು. ಒಂದೊಂದು ತೂತು ತಗ್ಗಿದ ಹಾಗೂ ಗೆರೆ ದೂರ ದೂರ ಹೋಯಿತು. ಮೊದಲನೆಯದಕ್ಕೂ ಏಳನೆಯದಕ್ಕೂ ಇದ್ದ ಅಂತರವನ್ನು ನಾನು ಹೆಜ್ಜೆ ಹಾಕಿ ಎಣಿಸಿ, ನಂಬದೆ ಮತ್ತೊಮ್ಮೆ ಎಣಿಸಿದೆ. ಅದೇ ಮನುಷ್ಯ, ಅದೇ ಇಳಿಜಾರು. ಬರೀ ಬೆನ್ನು ಬಾಗಿಸಿದ್ದಕ್ಕೆ ಗಾಳಿ ಅಷ್ಟು ದಾರಿ ಬಿಟ್ಟುಕೊಟ್ಟಿತ್ತು.

ಆಮೇಲೆ ಬಲದ ಪರೀಕ್ಷೆ. ನನ್ನ ತವರು ನಿಪ್ಪಾಣಿ. ಅಲ್ಲಿಂದ ತಂಬಾಕಿನ ಮೂಟೆ ತೂಗುವ ಸ್ಪ್ರಿಂಗಿನ ತಕ್ಕಡಿ ತರಿಸಿ, ಸೈಕಲ್ಲಿನ ಹಿಂಭಾಗವನ್ನು ಅದಕ್ಕೆ ಬಿಗಿದು, ತಕ್ಕಡಿಯನ್ನು ಕಂಬಕ್ಕೆ ಕಟ್ಟಿ, ಇವರಿಗೆ ಒಂದೇ ಒತ್ತು ಒತ್ತಲು ಹೇಳಿದೆ. ತೂತು ತಗ್ಗಿದ ಹಾಗೆ ತಕ್ಕಡಿಯ ಮುಳ್ಳು ಕಡಿಮೆ ತೋರಿಸುತ್ತಾ ಬಂತು. ಗಾಳಿಯಲ್ಲಿ ಗಳಿಸಿದ್ದನ್ನು ಕಾಲು ಕಳೆಯುತ್ತಿತ್ತು. ಎರಡನ್ನೂ ಗ್ರಾಫ್ ಹಾಳೆಯ ಮೇಲೆ ಬಿಡಿಸಿದೆ, ಒಂದು ಗೆರೆ ಏರುವುದು, ಒಂದು ಇಳಿಯುವುದು. ಎರಡೂ ಆರನೆಯ ತೂತಿನ ಹತ್ತಿರ ಕೂಡಿದವು. ಆಹಾ, ಉತ್ತರ! ಹಾಳೆಯನ್ನು ಪಡಸಾಲೆಯ ಗೋಡೆಗೆ ಅಂಟಿಸಿ ನಾನು ಮೆರೆದ ಮೆರೆದಾಟ ಈಗ ನೆನೆದರೆ ನಾಚಿಕೆಯಾಗುತ್ತದೆ.

ಊರಿನವರು ಸುಮ್ಮನಿರುತ್ತಾರೆಯೇ? "ಹೊರಸಿಗಿ ಗಾಲಿ ಬಂದಾವಲೇ!" ಎಂದು ಒಬ್ಬರು. ಮರಾಠಿಯವರು "ಝೋಪೂನ್ ಸೈಕಲ್, ಕಮಾಲ್ ಝಾಲೀ", ಮಲಗಿಕೊಂಡು ಸೈಕಲ್ಲು, ಕಮಾಲಾಯಿತು ಎಂದು ನಗುವವರು. ಇವರು ಎಲ್ಲದಕ್ಕೂ ನಕ್ಕು ಕೈ ಎತ್ತುತ್ತಿದ್ದರು. ಒಂದು ದಿನ ಮಾತ್ರ, ಕಟ್ಟೆಯ ಮೇಲೆ ಕೂತ ಒಬ್ಬ ಮುದುಕ, "ಹಿಂಗ ಮಲಗಿ ಊರಾಗ ಹೋಗೂದು ಒಂದ ಸಲ ಅಷ್ಟ, ಅದೂ ನಾಕ ಮಂದಿ ಹೆಗಲ ಮ್ಯಾಲ" ಎಂದುಬಿಟ್ಟ. ಇವರ ಮುಖ ಕಪ್ಪಿಟ್ಟಿತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಒಯ್ಯುವ ವಾಡಿಕೆ. ಹಿಂದೆಯೇ ಬರುತ್ತಿದ್ದ ಅತ್ತೆ ಸೊಂಟದ ಮೇಲೆ ಕೈ ಇಟ್ಟು ನಿಂತರು.

"ನಮ್ಮ ಮಂದ್ಯಾಗ ಸತ್ತವರನ್ನ ಕುಂಡ್ರಿಸಿ ಒಯ್ತಾರೋ. ನೀ ಕುಂತೀ, ನಿಂದು ನೋಡ್ಕೊ. ನನ್ನ ಮಗಾ ಮಲಗ್ಯಾನ, ಜೀವಂತ ಅದಾನ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಆ ಮುದುಕನೂ ನಕ್ಕು ಎದ್ದು ನಿಂತ, ಕೂತಿರಲು ಧೈರ್ಯ ಸಾಲದೆ ಇರಬೇಕು.

ಆರನೆಯ ತೂತಿನಲ್ಲಿ ಇಡೀ ದಾರಿಯ ಮೊದಲ ಓಟಕ್ಕೆ ಹೊರಟೆವು. ಪಂಪು ಇರಲಿಲ್ಲ, ನೀರಿರಲಿಲ್ಲ, ಬರೀ ದಾರಿ ನೋಡುವುದು. ಬೇಸಿಗೆಗೆ ಶಾಲೆ ಬೆಳಗಿನದಾಗಿತ್ತು, ಮಧ್ಯಾಹ್ನ ನಾನು ಬಿಡುವು. ನನ್ನ ಸೈಕಲ್ಲಿನ ಮೇಲೆ ಹಿಂದೆ ಹೊರಟೆ. ಮೊದಲು ಸ್ವಲ್ಪ ಓಲಾಡಿದರು, ಹಿಂದಿನಿಂದ ನಾನು ಬುದ್ಧಿ ಹೇಳಿದೆ. ಬಯಲಿಗೆ ಬಿದ್ದದ್ದೇ ಗಾಳಿ ಎದುರಾಯಿತು. ನನ್ನ ಸೆರಗು ಮುಖಕ್ಕೆ ಹೊಡೆಯಿತು, ಸೈಕಲ್ಲು ನಿಂತಲ್ಲೇ ನಿಂತಿತು. ಸೆರಗು ಸರಿಸಿ ನೋಡುವಷ್ಟರಲ್ಲಿ ಇವರು ಬಾಣದ ಹಾಗೆ ದೂರ ಹೋಗಿದ್ದರು. ಪಕ್ಕದ ಹೊಲದ ಕಬ್ಬೆಲ್ಲ ಪೂರ್ವಕ್ಕೆ ಬಾಗಿತ್ತು, ಅದರ ಬುಡದಲ್ಲಿ ಈ ಒಬ್ಬ ಮನುಷ್ಯ ಪಶ್ಚಿಮಕ್ಕೆ ಹೋಗುತ್ತಿದ್ದರು. ನಡು ದಾರಿಯಲ್ಲಿ ನಿಂತು ನಾನು ಬಾಯಿ ತೆರೆದು ನೋಡಿದೆ, ಬಾಯೊಳಗೆ ಮಣ್ಣು ಹೋದದ್ದೂ ತಿಳಿಯಲಿಲ್ಲ.

ದಿಬ್ಬದ ಬುಡ ಮುಟ್ಟಿದಾಗ ಇವರು ಅಲ್ಲೇ ಇದ್ದರು. ಅರ್ಧ ಏರಿ, ನಿಂತು, ಹಿಂದೆ ಜಾರಿ ಬಂದಿದ್ದರು. ದಾರಿಯ ಪಕ್ಕ ಸೈಕಲ್ಲಿನಲ್ಲಿ ಮಲಗಿದ ಹಾಗೇ ಆಕಾಶ ನೋಡುತ್ತಿದ್ದರು. ಬೆವರು ಕಿವಿಗೆ ಇಳಿಯುತ್ತಿತ್ತು.

"ಕಾಲ ಒತ್ತತಾವ, ಗಾಲಿ ತಿರಗವಲ್ದು. ನನ್ನ ಬಲಾ ಎಲ್ಲಿ ಹೋಗಾಕತ್ತೈತಿ ಅದನ್ನ ಹೇಳ ನೀ, ಮಾಸ್ತರಬಾಯಿ."

ನಾನು ಗ್ರಾಫಿನ ಮಾತು ಎತ್ತಿದೆ. ಆರೇ ಸರಿ, ಅಭ್ಯಾಸವಾಗಬೇಕು ಎಂದೆ.

"ದಿಬ್ಬಾ ಏರಾವ ನಾನೋ ನಿನ್ನ ಹಾಳಿನೋ?" ಎಂದರು.

ಮರುದಿನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಲೀಟರನ್ನೂ ಮೀಟರನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿ ತಂದಳು. ಆಡನ್ನೂ ಆನೆಯನ್ನೂ ಕೂಡಿಸಿದರೆ ಏನು ಬರುತ್ತದೆ ಎಂದು ರೇಗಲು ಬಾಯಿ ತೆರೆದವಳು ಹಾಗೇ ನಿಂತೆ. ನನ್ನ ಒಂದು ಗೆರೆಯದು ಹೆಜ್ಜೆ, ಇನ್ನೊಂದರದು ಕಿಲೋ. ಹಾಳೆಯ ಮನೆಗಳನ್ನು ಬೇರೆ ರೀತಿ ಎಣಿಸಿದ್ದರೆ ಅವು ಎರಡನೆಯ ತೂತಿನಲ್ಲಿ ಕೂಡುತ್ತಿದ್ದವು, ಇಲ್ಲವೆ ಕೂಡುತ್ತಲೇ ಇರಲಿಲ್ಲ. ಹುಡುಗಿಯ ತಲೆ ಸವರಿ ಕೂರಿಸಿದೆ. ಅವಳಿಗೆ ಇಂದಿಗೂ ಆಶ್ಚರ್ಯವಿರಬಹುದು.

ಬಲ ಎಲ್ಲಿ ಹೋಗುತ್ತಿದೆ ಎಂಬುದು ಮಾತ್ರ ಉಳಿಯಿತು. ಸೈಕಲ್ಲನ್ನು ಟೆಂಪೋದಲ್ಲಿ ಚಿಕ್ಕೋಡಿಗೆ ಒಯ್ದೆವು. ಚಾಚಾ ಮುಂದಿನ ಗಾಲಿಯನ್ನು ಕಲ್ಲಿಗೆ ಕೊಟ್ಟು ಇವರಿಗೆ ಪೆಡಲು ಒತ್ತಲು ಹೇಳಿದರು. ನನಗೆ ಸೀಟಿನ ಹಿಂದೆ ಕೂತು, ನವಾರಿನ ಕೆಳಗೆ ಅಂಗೈ ಇಡಲು ಹೇಳಿದರು. ಇವರು ಒತ್ತಿದರು. ನವಾರು ಉಬ್ಬಿ ನನ್ನ ಅಂಗೈಗೆ ಗುದ್ದಿತು. ಮತ್ತೆ ಒತ್ತಿದರು, ಮತ್ತೆ ಗುದ್ದು. ಆ ಕಾಲುಗಳ ಬಲ ಮುಂದಕ್ಕೆ ಹೋಗದೆ, ಹಿಂದಕ್ಕೆ, ನಾನು ಹೆಣೆಸಿದ ಮೆತ್ತನೆಯ ಪಟ್ಟಿಯೊಳಕ್ಕೆ ಬರುತ್ತಿತ್ತು. ಹಿಂದೆ ಒರಗಿದಷ್ಟೂ ಹೆಚ್ಚು ಬರುತ್ತಿತ್ತು. ನನ್ನ ಗಂಡನಿಗೆ ಎಷ್ಟು ಬಲವಿದೆ ಎಂದು ನನಗೆ ಅಂಗೈಯಲ್ಲಿ ತಿಳಿದದ್ದು ಅಂದೇ. ಆ ಬಲವನ್ನು ತಿನ್ನುತ್ತಿದ್ದದ್ದು ನನ್ನ ಮಮತೆ ಎಂದೂ ಅಂದೇ ತಿಳಿಯಿತು. ಕಣ್ಣಲ್ಲಿ ನೀರು ಬಂತು, ವೆಲ್ಡಿಂಗ್ ಹೊಗೆಯ ಮೇಲೆ ಹಾಕಿದೆ.

"ಬಾಯಾರ," ಎಂದರು ಚಾಚಾ, "ಗಾಡಿ ರಾಡ್ಯಾಗ ಸಿಕ್ಕಾಗ ಕಾಲಿಲೆ ಗಾಲಿ ದಬ್ಬಬೇಕಂದ್ರ ಬೆನ್ನ ಎಲ್ಲಿ ಕೊಡತಾರ? ಒಡ್ಡಿಗಿ ಕೊಡತಾರ. ಗಾದಿಗಿ ಕೊಡತಾರೇನ?"

ಸೊಂಟ ತಾಗುವಲ್ಲಿ ನವಾರು ಬಿಚ್ಚಿ, ಸಾಗುವಾನಿಯ ಹಲಗೆಯನ್ನು ಬಿಗಿದರು. ಮೇಲಿನ ಬೆನ್ನಿಗೆ ಮಾತ್ರ ಒಂದು ಪದರ ನವಾರು ಉಳಿಯಿತು. ಪೆಡಲಿನ ಪೈಪನ್ನು ಎರಡು ಬೆರಳಷ್ಟು ಹಿಂದಕ್ಕೆ ತಂದರು, ಕಾಲು ಪೂರ್ತಿ ಚಾಚಿದಾಗಲೂ ಮೊಣಕಾಲಿನಲ್ಲಿ ಚೂರು ಬಾಗು ಉಳಿಯಬೇಕು, ಇಲ್ಲವಾದರೆ ಸೊಂಟ ಹೊಯ್ದಾಡುತ್ತದೆ. ಏರಿನಲ್ಲಿ ಪಾದ ಜಾರದಿರಲಿ ಎಂದು ಅಥಣಿಯ ಚಪ್ಪಲಿ ಹೊಲಿಯುವವರಿಂದ ಎರಡು ತೊಗಲಿನ ಪಟ್ಟಿ ಹೊಲಿಸಿ ಪೆಡಲಿಗೆ ಹಾಕಿಸಿದೆವು.

ಆ ರಾತ್ರಿ ಊಟವಾದ ಮೇಲೆ ನಾನು ಲೆಕ್ಕ ಮತ್ತೆ ಮಾಡಿದೆ, ಈ ಸಲ ಸರಿಯಾಗಿ. ಗೆರೆಗಳಲ್ಲ, ಹೊತ್ತು. ಬಯಲಿಗೆ ಇಷ್ಟು ನಿಮಿಷ, ದಿಬ್ಬಕ್ಕೆ ಇಷ್ಟು. ಬೆನ್ನು ಎಬ್ಬಿಸಿದರೆ ಬಯಲಿನಲ್ಲಿ ನಾಲ್ಕಾರು ನಿಮಿಷ ಹೋಗುತ್ತದೆ, ಹೌದು. ಆದರೆ ಮನುಷ್ಯ ಹೊತ್ತು ಕಳೆಯುವುದು ವೇಗವಾಗಿ ಹೋಗುವಲ್ಲಲ್ಲ, ತೆವಳುವಲ್ಲಿ. ದಿಬ್ಬದಲ್ಲಿ ತೆವಳಿದರೆ ಗಾಳಿಯಲ್ಲಿ ಗಳಿಸಿದ್ದೆಲ್ಲ ಮಣ್ಣುಪಾಲು. ಲೆಕ್ಕ ನಾಲ್ಕನೆಯ ತೂತು ಎಂದಿತು. ನಾನು ಬಾಯಿ ಬಿಡಲಿಲ್ಲ. ನಾಲ್ಕರಲ್ಲಿ ಬೆನ್ನು ಎದ್ದು ಭಾರವೆಲ್ಲ ಸೊಂಟದ ಮೇಲೆ, ಗಟ್ಟಿ ಹಲಗೆಯ ಮೇಲೆ ಬೀಳುತ್ತದೆ. ಐದೇ ಇರಲಿ ಎಂದು ಮನಸ್ಸಿನಲ್ಲೇ ಚೌಕಾಶಿ ಮಾಡಿದೆ.

ಬೆಳಿಗ್ಗೆ ನೋಡಿದರೆ ಇವರು ಸ್ಪಾನರ್ ಹಿಡಿದು ನೆಲದ ಮೇಲೆ ಒರಗಿಕೊಂಡಿದ್ದಾರೆ, ಬೋಲ್ಟು ನಾಲ್ಕರಲ್ಲಿ ಕೂತಿದೆ.

"ನೋಯತೈತ್ರಿ ಅಲ್ಲಿ. ಐದರಾಗ ಹಾಕ್ರಿ," ಎಂದೆ.

"ಬ್ಯಾನಿ ನಂದು, ಪಾಳಿನೂ ನಂದು. ತೂತ ನೀ ಯಾಕ ಆರಸ್ತಿ?"

ಹಾಳೆ ಇಲ್ಲ, ತಕ್ಕಡಿ ಇಲ್ಲ. ನಾನು ಮಧ್ಯರಾತ್ರಿಯವರೆಗೆ ಗುಣಿಸಿ ಭಾಗಿಸಿ ತಲುಪಿದ ತೂತಿಗೆ ಇವರು ಬರೀ ಕಾಲಿನಿಂದ ತಲುಪಿದ್ದರು. ಗೋಡೆಯ ಮೇಲಿನ ಗ್ರಾಫನ್ನು ಕಿತ್ತು ಒಲೆಗೆ ಹಾಕಿದೆ.

ಬೇಸಿಗೆ ಪಾಳಿಯ ಮೊದಲ ದಿನ ಅಧ್ಯಕ್ಷರು ಪಂಪಿನ ಮನೆಯ ಮುಂದೆ ಕುರ್ಚಿ ಹಾಕಿಸಿ ಕೂತಿದ್ದರು. ಎರಡು ಗಂಟೆಯ ಸುಮಾರಿಗೆ ಕರೆಂಟು ಬಂತು, ಪಂಪು ಗುಡುಗಿತು. ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡು, "ಹೂಂ, ಹೊಂಡು ತಮ್ಮಾ," ಎಂದರು. ಇವರು ವಾಲ್ವಿನ ಉದ್ದನೆಯ ಕಬ್ಬಿಣದ ಚಾವಿಯನ್ನು ಸೀಟಿನ ಪಕ್ಕ ಕಟ್ಟಿಕೊಂಡು ಹೊರಟರು. ಒಬ್ಬರೇ ಹೋಗಬೇಕು ಎಂಬ ಮಾತಾಗಿತ್ತು, ನಾನು ಹಿಂದೆ ಹೋಗಬಾರದಿತ್ತು. ದಾರಿ ಎಲ್ಲರದು ಎಂದು ಹೇಳಿ ನಾನೂ ಹೊರಟೆ. ಅಧ್ಯಕ್ಷರು ಬೇರೆ ಕಡೆ ನೋಡಿದರು, ಒಳ್ಳೆಯವರು.

ಗಾಳಿ ಅಂದು ಎಂದಿಗಿಂತ ಹೆಚ್ಚು. ಇವರು ಆ ಮೊದಲ ದಿನದಷ್ಟು ವೇಗವಾಗಿ ಹೋಗಲಿಲ್ಲ. ಎದ್ದ ಮೈಗೆ ಗಾಳಿ ಬಡಿಯುವುದು, ಅಂಗಿ ಪಟಪಟ ಎನ್ನುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಆದರೂ ಒಂದೇ ಸಮನೆ ಹೋದರು. ಬಯಲಿನ ಅರ್ಧದಲ್ಲಿ ನನ್ನ ಕೈಲಾಗದೆ ನಾನು ಇಳಿದೆ, ಸೈಕಲ್ಲು ದಬ್ಬಿಕೊಂಡು ನಡೆದೆ. ಇವರು ಚುಕ್ಕೆಯಾದರು, ಆಮೇಲೆ ಆ ಚುಕ್ಕೆಯೂ ಕಾಣದಾಯಿತು.

ಮುಕ್ಕಾಲು ತಾಸು ಆಯಿತು. ದಿಬ್ಬ ಇನ್ನೂ ದೂರವಿತ್ತು. ದಾರಿಯ ಬಲಕ್ಕೆ ಕಾಲುವೆ, ಎಡಕ್ಕೆ ಹಳ್ಳ, ಎರಡೂ ಒಣಗಿ ಬಿರಿದಿದ್ದವು. ನಡುವೆ ನಿಂತು ಆ ಕಡೆ ಈ ಕಡೆ ನೋಡಿದೆ. ಎಡಕ್ಕೆ ನೀರು ಬಂದರೆ ತೊಟ್ಟಿ ಉಕ್ಕಿದೆ, ಇವರು ಏರಿನಲ್ಲಿ ಬಿದ್ದಿದ್ದಾರೆ, ಬಹುಶಃ ನೋವಿನಲ್ಲಿ ಬಿದ್ದಿದ್ದಾರೆ. ನೀರಿಗೆ ಇಷ್ಟು ದೂರ ಹರಿದು ಬರಲು ಹೊತ್ತು ಬೇಕೆಂದು ಗೊತ್ತಿದ್ದೂ, ಐವತ್ತು ನಿಮಿಷವಾದಾಗ ಹಳ್ಳಕ್ಕೆ ಇಳಿದು ಮಣ್ಣು ಮುಟ್ಟಿ ನೋಡಿದೆ. ಒಂದು ತಾಸಾದಾಗ ದೇವರನ್ನು ನೆನೆದೆ, ದೇವರಿಗೂ ಸ್ವಲ್ಪ ಬೈದೆ.

ಬಲಗಡೆ ಸರಸರ ಸದ್ದು ಕೇಳಿತು. ಒಣ ಎಲೆ, ಕಬ್ಬಿನ ರವದಿ, ಇರುವೆಗಳ ಒಂದು ಇಡೀ ಗೂಡು, ಇವನ್ನೆಲ್ಲ ಮುಂದೆ ದಬ್ಬಿಕೊಂಡು ಕೆಂಪು ನೊರೆಯ ನೀರು ಕಾಲುವೆಯಲ್ಲಿ ತೆವಳುತ್ತ ಬರುತ್ತಿತ್ತು. ನಾನು ಸೈಕಲ್ಲನ್ನು ಬಿಟ್ಟೆ, ಅದು ದಾರಿಯಲ್ಲೇ ಬಿತ್ತು. ಕಾಲುವೆಯ ಅಂಚಿನಲ್ಲಿ ಕೂತು ಆ ನೀರಿನಲ್ಲಿ ಎರಡೂ ಕೈ ಇಟ್ಟೆ. ಇದನ್ನು ಬಿಟ್ಟವರು ನಮ್ಮವರು, ಮೇಲೆ ಒಬ್ಬರೇ ನಿಂತು ವಾಲ್ವು ತಿರುಗಿಸಿ ಬಿಟ್ಟವರು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ದೂರದಿಂದ ಧೂಳು ಎದ್ದಿತು. ಗಾಳಿ ಈಗ ಬೆನ್ನ ಹಿಂದೆ, ಇಳಿಜಾರು ಕಾಲ ಕೆಳಗೆ, ಇವರು ಹಾರಿಕೊಂಡೇ ಬರುತ್ತಿದ್ದರು. ನಾನು ಎದ್ದು ದಾರಿಯ ನಡುವೆ ನಿಂತು ಎರಡೂ ಕೈ ಎತ್ತಿದೆ.

"ಏ, ಸರಿಯ ಆ ಕಡೆ! ನೀರ ಬಂದಾವ, ಕೆಳಗಿನ ವಾಲ್ವು ಬಿಚ್ಚಬೇಕು!"

ಸರಿದು ನಿಂತೆ. ಇವರು ಹಾಸಿಗೆ ಹಿಡಿದ ದಿನದಿಂದ ನಾನು ಒಳಗೆ ಹೋದರೂ ಹೊರಗೆ ಬಂದರೂ ನನ್ನ ಹಿಂದೆಯೇ ಬರುತ್ತಿದ್ದ ಕಣ್ಣುಗಳು ಅವು. ಈಗ ಕಾಲುವೆಯ ನೀರಿನ ಮೇಲೆ ನೆಟ್ಟಿದ್ದವು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನ ಗಂಡ ನನ್ನ ಕಡೆ ನೋಡದೆ ಕೆಲಸಕ್ಕೆ ಹೋದರು.